ತಂಪು ಬಾಟಲಿಗಳ ಹಿಂದಿನ ಡಬ್ಬಿ

ನನ್ನ ಮಗಳು ನೀರು ಕುಡಿಯುವುದನ್ನು ನಾನು ನೋಡಿದಷ್ಟು ಯಾವ ತಾಯಿಯೂ ನೋಡಿರಲಿಕ್ಕಿಲ್ಲ. ಲೋಟ ತುಟಿಗೆ ಮುಟ್ಟಬೇಕು, ಗಂಟಲು ಒಮ್ಮೆ ಏರಿ ಇಳಿಯಬೇಕು, ಅವಳು ಬಾಯಿ ಒರೆಸಿಕೊಂಡು ಲೋಟ ಕೆಳಗಿಡಬೇಕು. ಅಲ್ಲಿಯವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಹೀಗೆ ಬದುಕಿದೆ. ಅದಕ್ಕೆ ಕಾರಣ ನಮ್ಮದೇ ಅಂಗಡಿಯಲ್ಲಿದ್ದ, ನಾವು ಒಂದು ಪೈಸೆಯನ್ನೂ ಕೊಡದೆ ತಂದುಕೊಂಡಿದ್ದ, ಗಾಜಿನ ಬಾಗಿಲಿನ ಒಂದು ಫ್ರಿಜ್ಜು.

ಸಂಡೂರಿನಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇತ್ತು. ಅದಿರಿನ ಲಾರಿಗಳು ಹೋಗುವ ರಸ್ತೆಗೇ ಅದರ ಬಾಗಿಲು. ಪರವಾನಗಿ ನನ್ನ ಹೆಸರಿನಲ್ಲಿ, ವ್ಯಾಪಾರ ಗಂಡನ ಕೈಯಲ್ಲಿ. ಇದೇನು ನಮ್ಮ ಕಡೆ ಹೊಸದಲ್ಲ. ಡಿ ಫಾರ್ಮಾ ಓದಿದ ಹುಡುಗಿಯನ್ನು ಸೊಸೆ ಮಾಡಿಕೊಂಡರೆ ಪರವಾನಗಿಯೂ ಅವಳ ಹಿಂದೆಯೇ ಮನೆಗೆ ಬರುತ್ತದೆ ಎಂಬ ಲೆಕ್ಕ ಹಾಕಿಯೇ ನನ್ನನ್ನು ನೋಡಲು ಬಂದಿದ್ದರು. ನನ್ನ ಹೆಸರಿನ ಆ ಕಾಗದ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಗಣಪತಿಯ ಪಟದ ಪಕ್ಕ ತೂಗುತ್ತಿತ್ತು. ಇಬ್ಬರಿಗೂ ದಿನಾ ಊದಿನಕಡ್ಡಿ ಸಲ್ಲುತ್ತಿತ್ತು, ಇಬ್ಬರನ್ನೂ ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ಕೂರುತ್ತಿದ್ದುದು ಸಂಜೆ, ಗಂಡ ಚಹಾಕ್ಕೆ ಎದ್ದು ಹೋದಾಗ.

ಗಣಿ ಜೋರಾದ ವರ್ಷಗಳು ಅವು. ಊರಿನ ಮರಗಳು, ಕಟ್ಟೆಗಳು, ಒಣಹಾಕಿದ ಸೀರೆಗಳು, ಎಲ್ಲವೂ ಅದಿರಿನ ಧೂಳಿಗೆ ಕೆಂಪಾಗಿದ್ದವು. ಲಾರಿ ನಿಲ್ಲಿಸಿ ಡ್ರೈವರುಗಳು ಕಣ್ಣಿಗೆ ಹಾಕುವ ಹನಿ, ಕೆಮ್ಮಿನ ಔಷಧ, ಮೈಕೈ ನೋವಿನ ಮಾತ್ರೆ ಒಯ್ಯುತ್ತಿದ್ದರು. ಮಾತ್ರೆ ಕೊಂಡವರಿಗೆ ನುಂಗಲು ಏನಾದರೂ ಬೇಕಲ್ಲ, ಏನಾದರೂ ತಣ್ಣಗಿದ್ದರೆ ಕೊಡಿ ಅನ್ನುತ್ತಿದ್ದರು. ಔಷಧಿಯಲ್ಲಿ ಸಿಗುವುದಕ್ಕಿಂತ ಬಾಟಲಿಯಲ್ಲಿ ಹೆಚ್ಚು ಸಿಗುತ್ತದೆ ಎಂದು ನನ್ನ ಗಂಡನಿಗೆ ಹೊಳೆಯಲು ಬಹಳ ದಿನ ಬೇಕಾಗಲಿಲ್ಲ. ಅಷ್ಟರಲ್ಲಿ ತಂಪು ಪಾನೀಯದ ಕಂಪನಿಯವನೇ ಒಪ್ಪಂದ ಹಿಡಿದುಕೊಂಡು ಬಂದ.

ಫ್ರಿಜ್ಜು ಪುಕ್ಕಟೆ, ಕರೆಂಟು ನಮ್ಮದು. ಅದರೊಳಗೆ ಅವರ ಬಾಟಲಿ ಬಿಟ್ಟು ಬೇರೆ ಒಂದು ಸೂಜಿಯೂ ಇರಬಾರದು. ಎಲ್ಲ ಹಲಗೆಗಳೂ ತುಂಬಿರಬೇಕು, ಚೀಟಿ ಹಚ್ಚಿದ ಮುಖ ರಸ್ತೆಯ ಕಡೆಗೇ ಇರಬೇಕು. ಅವರ ಮನುಷ್ಯ ಹೇಳದೆ ಕೇಳದೆ ಬಂದು ನೋಡುತ್ತಾನೆ. ಬೇಸಿಗೆಯುದ್ದಕ್ಕೂ ಅವನು ಬಂದಾಗೆಲ್ಲ ಫ್ರಿಜ್ಜು ಸರಿಯಾಗಿದ್ದರೆ ಕೊನೆಗೆ ಬಿಟ್ಟಿ ಬಾಟಲಿಗಳ ಕ್ರೇಟುಗಳು, ಜೊತೆಗೆ ಒಳಗೆ ಲೈಟು ಉರಿಯುವ, ನಮ್ಮ ಅಂಗಡಿಯ ಹೆಸರು ಬರೆದ ದೊಡ್ಡ ಬೋರ್ಡು. ತಪ್ಪು ಸಿಕ್ಕರೆ ಫ್ರಿಜ್ಜು ವಾಪಸು. ಕ್ರೇಟಿನ ಆಸೆಗಿಂತ ಬೋರ್ಡಿನ ಆಸೆ ನನ್ನ ಗಂಡನಿಗೆ ಹೆಚ್ಚಿತ್ತು. ಎದುರು ಸಾಲಿನ ಬಟ್ಟೆ ಅಂಗಡಿಯವರಿಗೆ ಅಂಥದ್ದು ಬಂದ ದಿನದಿಂದ ಇವರಿಗೆ ಊಟ ರುಚಿಸುತ್ತಿರಲಿಲ್ಲ.

ಅಂಗಡಿ ಇಕ್ಕಟ್ಟು. ಎರಡು ಫ್ರಿಜ್ಜಿಗೆ ಜಾಗವಿಲ್ಲ. ಔಷಧಿ ಇಡುತ್ತಿದ್ದ ನಮ್ಮ ಹಳೆಯ ಸಣ್ಣ ಫ್ರಿಜ್ಜು ಮನೆಗೆ ಬಂತು. ಅತ್ತೆಗೆ ಬಹಳ ಸಂತೋಷ. ಅದರಲ್ಲಿ ಮೊಸರು ಇಟ್ಟರು, ಮಲ್ಲಿಗೆ ಹೂವು ಇಟ್ಟರು, ಕೆಂಪು ಚಟ್ನಿಯ ಜಾಡಿ ಇಟ್ಟರು. ತಂಪಿನಲ್ಲಿಡುವ ಇಂಜೆಕ್ಷನ್ ಎಲ್ಲಿ ಇಡುತ್ತೀರಿ ಎಂದು ನಾನು ಗಂಡನನ್ನು ಕೇಳಿದೆ. ಬಾಟಲಿಗಳ ಹಿಂದೆ ಇಟ್ಟರಾಯಿತು, ಹಿಂದೆ ಕೈ ಹಾಕಿ ಯಾರು ನೋಡುತ್ತಾರೆ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರ ವ್ಯಾಪಾರವೆಲ್ಲ ಹಾಗೆಯೇ.

ನಿಜ ಹೇಳಬೇಕೆಂದರೆ ತಂಪಿನಲ್ಲಿಡುವ ಔಷಧಿ ನಮ್ಮಲ್ಲಿ ಆಗ ಇರಲೇ ಇಲ್ಲ ಅನ್ನಬಹುದು. ಬೇಕೆಂದವರಿಗೆ ಹೊಸಪೇಟೆಯಿಂದ ತರಿಸಿಕೊಡುತ್ತಿದ್ದೆವು. ಅದು ಬದಲಾದದ್ದು ಮಾರ್ಚ್ ಕೊನೆಯಲ್ಲಿ. ಹೊಸಪೇಟೆಯಲ್ಲಿ ಔಷಧಿ ಸಗಟಾಗಿ ಮಾರುವ ಸ್ಟಾಕಿಸ್ಟರ ಮನುಷ್ಯ ವರ್ಷದ ಗುರಿ ಮುಟ್ಟಲು ಊರೂರು ತಿರುಗುತ್ತಿದ್ದ. ಸ್ಕೀಮ್ ಇದೆ, ನಾಯಿ ಕಡಿತದ ಇಂಜೆಕ್ಷನ್ ಹತ್ತು ತಗೊಂಡರೆ ಎರಡು ಫ್ರೀ ಅಂದ. ವರ್ಷಕ್ಕೊಬ್ಬರು ಬಂದು ಕೇಳಿದರೆ ಹೆಚ್ಚು, ಅಂಥ ಮಾಲನ್ನು ಒಮ್ಮೆಗೇ ಹನ್ನೆರಡು ತೆಗೆದುಕೊಂಡರು ನನ್ನ ಗಂಡ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಸಂಜೆ ನಾನು ಬೈದೆ. ಇದು ಸೆಕೆ ತಾಗಿದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ, ಕೆಟ್ಟದ್ದು ಹೊರಗೆ ಗೊತ್ತಾಗುವುದಿಲ್ಲ ಎಂದು ಪಾಠ ಒಪ್ಪಿಸಿದೆ. ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಇದ್ದವನಿಗೆ ಹೇಳಿಕೊಡಬೇಡ ಎಂದರು. ಹನ್ನೆರಡೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಕಿತ್ತಳೆ ಬಣ್ಣದ ಬಾಟಲಿಗಳ ಹಿಂದೆ ಸೇರಿದವು.

ಮಗಳಿಗೆ ಆಗ ಆರು ವರ್ಷ. ಬೇಸಿಗೆ ರಜೆ ಶುರುವಾಗಿತ್ತು. ಅಜ್ಜಿಯ ಜೊತೆ ಹಿಟ್ಟಿನ ಗಿರಣಿಗೆ ಹೋದವಳನ್ನು ಒಂದು ನಾಯಿ ಕಡಿಯಿತು. ಅವಳು ಕಲ್ಲು ಎಸೆದಿರಲಿಲ್ಲ, ಬಾಲ ತುಳಿದಿರಲಿಲ್ಲ. ಸುಮ್ಮನೆ ಬಂತು, ಮೀನಖಂಡಕ್ಕೆ ಬಾಯಿ ಹಾಕಿತು, ಜೊಲ್ಲು ಸುರಿಸುತ್ತಾ ಹೋಯಿತು ಎಂದು ಅತ್ತೆ ಹೇಳಿದರು. ಕಾರಣವಿಲ್ಲದೆ ಕಡಿದದ್ದು, ಜೊಲ್ಲು ಸುರಿಸಿದ್ದು, ಎರಡೂ ಹುಚ್ಚುನಾಯಿಯ ಲಕ್ಷಣವೆಂದು ನನಗೆ ಗೊತ್ತಿತ್ತು. ಬಚ್ಚಲಿಗೆ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕಾಲು ಹಿಡಿದು ಸಾಬೂನು ಹಚ್ಚಿ ತೊಳೆದೆ. ಅವಳು ಕಿರುಚುತ್ತಲೇ ಇದ್ದಳು, ನಾನು ಬಿಡಲಿಲ್ಲ.

ಮರುದಿನ ಆ ನಾಯಿ ಅದಿರಿನ ಲಾರಿಗೆ ಸಿಕ್ಕಿ ಸತ್ತಿತು. ಓಣಿಯವರೆಲ್ಲ ಪೀಡೆ ಹೋಯಿತು ಅಂದರು. ನನಗೆ ಸಿಡಿಲು ಬಡಿದಂತಾಯಿತು. ನಾಯಿ ಬದುಕಿದ್ದರೆ ಕೆಲವು ದಿನ ಅದರ ಮೇಲೆ ಕಣ್ಣಿಡಬಹುದಿತ್ತು, ಅದಕ್ಕೆ ಏನೂ ಆಗದಿದ್ದರೆ ಮಗಳಿಗೂ ಏನೂ ಇಲ್ಲ ಎಂದು ನಿಶ್ಚಿಂತೆಯಿಂದ ಇರಬಹುದಿತ್ತು. ಈಗ ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ಲವೋ ಎಂದು ಹೇಳುವವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ. ಆ ರೋಗ ಬಂದರೆ ಉಳಿಯುವುದಿಲ್ಲ ಎಂದು ಓದಿದವಳು ನಾನು. ನೀರು ಕಂಡರೆ ಗಂಟಲು ಬಿಗಿಯುತ್ತದೆ, ಗಾಳಿ ತಾಗಿದರೆ ಮೈ ಸೆಟೆಯುತ್ತದೆ, ಆಮೇಲೆ ಯಾವ ಡಾಕ್ಟರಿಗೂ ಮಾಡಲು ಏನೂ ಉಳಿದಿರುವುದಿಲ್ಲ.

ಆದರೆ ಇಂಜೆಕ್ಷನ್ ನಮ್ಮ ಅಂಗಡಿಯಲ್ಲೇ ಇತ್ತಲ್ಲ. ಕಡಿದ ದಿನವೇ ಗಂಡ ಡಬ್ಬಿಯಿಂದ ಒಂದು ಶೀಶೆ ತಂದಿದ್ದರು, ಪಕ್ಕದ ಬೀದಿಯ ಡಾಕ್ಟರು ಚುಚ್ಚಿದ್ದರು. ಇಟ್ಟಿದ್ದು ಒಳ್ಳೆಯದಾಯಿತು ನೋಡು ಎಂದು ಗಂಡ ಎರಡು ಮೂರು ಸಲ ಅಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಆಗ ಅದು ಮುಗಿದು ಹೋಗಿತ್ತು. ಬೈದದ್ದಕ್ಕೆ ನನಗೇ ನಾಚಿಕೆಯಾಯಿತು. ಕೆಲವು ದಿನಗಳ ಅಂತರದಲ್ಲಿ ಒಟ್ಟು ಐದು ಹಾಕಿಸಬೇಕು, ಎರಡನೆಯ ಇಂಜೆಕ್ಷನ್ನನ್ನೂ ಅವರೇ ತಂದು ಹಾಕಿಸಿದರು.

ಮೂರನೆಯದನ್ನು ತರಲು ನಾನೇ ಹೋದೆ. ಮಧ್ಯಾಹ್ನದ ಹೊತ್ತು, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಅಂಗಡಿಯ ಫ್ರಿಜ್ಜು ಮದುವಣಗಿತ್ತಿಯ ಹಾಗೆ ಸಿಂಗಾರವಾಗಿತ್ತು, ಎಲ್ಲ ಬಾಟಲಿಗಳೂ ಮುಖ ತೊಳೆದು ರಸ್ತೆಗೆ ತಿರುಗಿ ನಿಂತಿದ್ದವು. ಹಿಂದೆ ಕೈ ಹಾಕಿದೆ, ಡಬ್ಬಿ ಸಿಗಲಿಲ್ಲ. ಗಂಡ ಬಗ್ಗಿ ಕೌಂಟರಿನ ಕೆಳಗಿನಿಂದ ಡಬ್ಬಿ ತೆಗೆದುಕೊಟ್ಟರು. ಅದು ಇನ್ವರ್ಟರಿನ ಪಕ್ಕದಲ್ಲಿತ್ತು. ಶೀಶೆ ಮುಟ್ಟಿದೆ. ತಂಪಿಲ್ಲ ಅನ್ನುವ ಮಾತು ಹಾಗಿರಲಿ, ಸ್ನಾನಕ್ಕೆ ಕಾಯಿಸಿದ ನೀರಿನ ಹಾಗೆ ಬೆಚ್ಚಗಿತ್ತು.

ಅದು ಯಾಕೆ ಹೊರಗಿದೆ ಎಂದರೆ ಅವರು ಸಹಜವಾಗಿಯೇ ಹೇಳಿದರು. ಕಂಪನಿಯ ಮನುಷ್ಯ ಹೇಳದೆ ಬರುವುದು ಒಪ್ಪಂದದಲ್ಲಿ ಮಾತ್ರ. ಅವನ ವ್ಯಾನು ಹೊಸಪೇಟೆಯಿಂದ ಹೊರಟ ಕೂಡಲೇ ಅಲ್ಲಿನ ಅಂಗಡಿಯವರೊಬ್ಬರು ದಾರಿಯ ಅಂಗಡಿಗಳಿಗೆಲ್ಲ ಫೋನು ಮಾಡುತ್ತಿದ್ದರು. ಫೋನು ಬಂದೊಡನೆ ಯಾರ ಫ್ರಿಜ್ಜಿನಲ್ಲಿ ಏನೇನು ಅಡಗಿದೆಯೋ ಎಲ್ಲ ಹೊರಬರುತ್ತಿತ್ತು. ಹಾಲಿನ ಪಾಕೀಟು, ಬೇರೆ ಕಂಪನಿಯ ಬಾಟಲಿ, ಹೂವಿನ ಮಾಲೆ. ನಮ್ಮದರಲ್ಲಿ ಈ ಡಬ್ಬಿ. ಅವನು ನೋಡಿ ಹೋದ ಮೇಲೆ ಎಲ್ಲ ಮತ್ತೆ ಒಳಗೆ.

“ಅಂವ ಇಲ್ಲಿ ನಿಂದ್ರೋದು ಬರೇ ಹತ್ತು ನಿಮಿಷ,” ಎಂದರು ಗಂಡ. “ಅಷ್ಟರಾಗ ಏನ್ ಆಕ್ಕೈತಿ?”

“ಫೋನ್ ಯಾವಾಗ ಬಂತ್ರಿ?”

“ಬೆಳಿಗ್ಗೆ.”

ಬೆಳಿಗ್ಗೆ ಹೊರಟವನು ಇನ್ನೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಹೊಸಪೇಟೆಯಿಂದ ಸಂಡೂರಿಗೆ ಆ ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಎಲ್ಲಾದರೂ ಒಂದು ಕೆಟ್ಟು ನಿಂತಿತೆಂದರೆ ಹಿಂದಿನ ಸಾಲು ಊಟದ ಹೊತ್ತಿಗೂ ಕದಲುತ್ತಿರಲಿಲ್ಲ. ಹಾದಿಯಲ್ಲಿ ಅವನು ಕಾಯುವಷ್ಟು ಹೊತ್ತೂ ನನ್ನ ಮಗಳ ಇಂಜೆಕ್ಷನ್ ಇನ್ವರ್ಟರಿನ ಪಕ್ಕ ಕಾಯುತ್ತಿತ್ತು. ಗಂಡನ ಲೆಕ್ಕದಲ್ಲಿ ಇದ್ದದ್ದು ಅವನು ನಮ್ಮ ಬಾಗಿಲಲ್ಲಿ ನಿಂತ ಹೊತ್ತು ಮಾತ್ರ. ಈ ಬೇಸಿಗೆಯಲ್ಲಿ ಎಷ್ಟು ಸಲ ಹೀಗೆ ಹೊರಗೆ ತೆಗೆದಿದ್ದೀರಿ ಎಂದು ಕೇಳಿದೆ. ಅವರು ತಕ್ಕಡಿ ಒರೆಸತೊಡಗಿದರು. ಔಷಧಿ ಅಂಗಡಿಯಲ್ಲಿ ತಕ್ಕಡಿಗೆ ಕೆಲಸವೇ ಇಲ್ಲ, ಮಾವನ ಕಾಲದ್ದು, ಸುಮ್ಮನೆ ಇತ್ತು.

ಆಗಲೇ ವ್ಯಾನು ಬಂತು. ಅವನು ತಲೆಯಿಂದ ಕಾಲಿನವರೆಗೆ ಕೆಂಪಾಗಿ ಇಳಿದ, ಪಾಪದ ಮನುಷ್ಯ, ಸಂಬಳಕ್ಕೆ ದುಡಿಯುವವನು. ಫ್ರಿಜ್ಜು ನೋಡಿ ಮೆಚ್ಚಿಕೊಂಡ, ಸಂಡೂರಿನಲ್ಲಿ ನಿಮ್ಮಷ್ಟು ಚೊಕ್ಕ ಯಾರೂ ಇಡುವುದಿಲ್ಲ ಎಂದ. ಡಬ್ಬಿ ಹಿಡಿದು ಕಂಬದಂತೆ ನಿಂತಿದ್ದ ನನ್ನ ಕಡೆ ನೋಡಿ, ಏನು ಅಕ್ಕಾರ, ಬಿಸ್ಕೀಟಾ ಎಂದು ನಕ್ಕ. ನಾನು ಹೌದೆಂದು ತಲೆಯಾಡಿಸಿದೆ. ಅವನು ಹೋದ ಮೇಲೆ ಡಬ್ಬಿಯ ಮುಚ್ಚಳಕ್ಕೆ ಸುತ್ತಲೂ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಬಿಗಿದು, ಮೇಲಿನ ಅಟ್ಟದ ಮೂಲೆಗೆ ತಳ್ಳಿದೆ. ಇದಕ್ಕೆ ಯಾರೂ ಕೈ ಹಚ್ಚಬಾರದು ಅಂದೆ. ಮನೆಗೆ ಓಡಿ ಮಗಳನ್ನು ಎತ್ತಿಕೊಂಡೆ.

ಅದೇ ದಿನ ಬಾಡಿಗೆ ಜೀಪಿನಲ್ಲಿ ಹೊಸಪೇಟೆಗೆ ಹೊರಟೆವು. ಗಂಡ ಮುಂದೆ ಕೂತರು, ನಾನು ಮಗಳನ್ನು ಹಿಡಿದುಕೊಂಡು ಹಿಂದೆ. ಘಾಟಿನಲ್ಲಿ ಲಾರಿಗಳು ನಿಂತಿದ್ದವು. ಇಂಜಿನ್ ಆರಿಸಿ ಡ್ರೈವರುಗಳು ನೆರಳಿಗೆ ಇಸ್ಪೀಟು ಹಾಕಿದ್ದರು. ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಕಾಲಿನ ಗಾಯ ಒಣಗಿ ಕರ್ರಗಾಗಿತ್ತು, ಗುಣವಾಗುತ್ತಿರುವ ಗಾಯ. ಒಳಗೆ ಏನು ನಡೆಯುತ್ತಿದೆಯೋ ಎಂದು ನಾನು ಅದನ್ನೇ ನೋಡುತ್ತಾ ಕೂತೆ. ಆ ರೋಗ ನರದ ಗುಂಟ ಒಂದೊಂದೇ ಗೇಣು ಮೇಲೆ ಹತ್ತುತ್ತದೆ ಎಂದು ಕಾಲೇಜಿನಲ್ಲಿ ಉರು ಹೊಡೆದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕ ಬಂದಿತ್ತು.

ಹೊಸಪೇಟೆಯಲ್ಲಿ ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋದೆವು. ಎಲ್ಲ ಕಡೆ ಇಲ್ಲ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಯಜಮಾನರು ಹಿರಿಯರು, ನನ್ನ ಮುಖ ನೋಡಿ ಕೂರಿಸಿ ನೀರು ಕೊಟ್ಟರು. ಅವರೂ ಮುಚ್ಚುಮರೆ ಮಾಡಲಿಲ್ಲ.

“ಸ್ಕೀಮ್ ಇದ್ದಾಗ ಎಲ್ಲಾರೂ ತಗೊಂಡಿದ್ವಿ ತಂಗಿ, ಖಾಲಿ ಆತು. ಸ್ಕೀಮ್ ಇಲ್ಲದಾಗ ಅದನ್ನ ಯಾರ್ ತರಸ್ತಾರ? ಕರೆಂಟ್ ಹೋದ್ರ ಕೆಡತೈತಿ, ಮಾರಾಟ ಆಗ್ಲಿಲ್ಲ ಅಂದ್ರ ತಲಿ ಮ್ಯಾಲೆ ಕುಂದರ್ತೈತಿ.”

ಹೇಳುತ್ತಿದ್ದವರ ಹಿಂದೆ ಅದೇ ಗಾಜಿನ ಬಾಗಿಲಿನ ಫ್ರಿಜ್ಜು, ಅದೇ ಬಾಟಲಿಗಳು, ಅದೇ ಮುಖಗಳು. ಆಮೇಲೆ ಹೋದ ಅಂಗಡಿಗಳಲ್ಲೂ ನಾನು ಮೊದಲು ನೋಡಿದ್ದು ಅದನ್ನೇ. ಒಂದು ಕಡೆ ಮಾತ್ರ ಇದೆ ಅಂದರು. ಜೀವ ಬಂದಂತಾಯಿತು. ಎಲ್ಲಿಟ್ಟಿದ್ದೀರಿ ಎಂದೆ. ಅಂಗಡಿಯವನು ಹೆಮ್ಮೆಯಿಂದ ಬಾಟಲಿಗಳ ಹಿಂದೆ ಕೈ ಹಾಕಿದ. ನಾನು ಮಗಳನ್ನು ಎತ್ತಿಕೊಂಡು ಅಲ್ಲಿಂದ ಇಳಿದು ಬಂದುಬಿಟ್ಟೆ. ಗಂಡ ಹಿಂದೆ ಹಿಂದೆ ಬಂದರು. ಸಿಕ್ಕದ್ದನ್ನೂ ಬಿಟ್ಟು ಬಂದಳಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಕೊನೆಗೆ ಮಕ್ಕಳ ಡಾಕ್ಟರೊಬ್ಬರ ದವಾಖಾನೆಯಲ್ಲಿ ಸಿಕ್ಕಿತು. ಅವರದ್ದು ಸ್ವಂತ ಫ್ರಿಜ್ಜು, ಬಾಗಿಲಿಗೆ ಬೀಗ, ಒಳಗೆ ಥರ್ಮಾಮೀಟರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಗಂಡ ನೆಲ ನೋಡುತ್ತಿದ್ದರು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

“ಮೊದಲಿಂದ ಶುರು ಮಾಡೋಣಮ್ಮ,” ಎಂದರು. “ಹಾಕಿದ್ದು ಕೆಲಸ ಮಾಡಿರಬಹುದು, ಮಾಡದೇನೂ ಇರಬಹುದು. ಶೀಶೆ ನೋಡಿ ಹೇಳಾಕ ನನಗೂ ಬರಂಗಿಲ್ಲ. ಈಗ ಹಾಕೋದು ಸರಿ ಐತಿ. ಹೋದ ದಿನ ಮಾತ್ರ ವಾಪಸ್ ಬರಂಗಿಲ್ಲ.”

ಇನ್ನೆಷ್ಟು ದಿನ ಕಾಯಬೇಕು ಎಂದು ಕೇಳಿದೆ. ಬರುವುದಿದ್ದರೆ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಬರುತ್ತದೆ, ಅಪರೂಪಕ್ಕೆ ವರ್ಷವಾಗುತ್ತದೆ ಎಂದರು. ಬರಲಿಕ್ಕಿಲ್ಲ, ಧೈರ್ಯವಾಗಿರು ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ವರ್ಷ ಅನ್ನುವುದು ಮಾತ್ರ.

ಅಲ್ಲಿಂದ ಲೋಟ ನೋಡುವುದು ಶುರುವಾಯಿತು. ಎದ್ದ ಕೂಡಲೇ ನೀರು, ತಿಂಡಿಯ ಮೊದಲು ನೀರು, ಆಟ ಬಿಟ್ಟು ಬಂದರೆ ನೀರು. ಫ್ಯಾನು ಜೋರು ಮಾಡಿ ಅವಳ ಮುಖ ನೋಡುತ್ತಿದ್ದೆ, ಗಾಳಿಗೆ ಮುಖ ಸಿಂಡರಿಸುತ್ತಾಳೋ ಎಂದು. ಅವ್ವಾ, ಹೊಟ್ಟ್ಯಾಗ ನೀರು ಡಬಡಬ ಅಂತೈತಿ ಎಂದು ಅವಳು ಗೋಗರೆದರೂ ಇನ್ನೊಂದು ಗುಟುಕು ಕುಡಿಸದೆ ಬಿಡುತ್ತಿರಲಿಲ್ಲ. ಅವಳಿಗೆ ನಾವು ಏನೂ ಹೇಳಿರಲಿಲ್ಲ. ಅವ್ವನಿಗೆ ನೀರಿನ ಹುಚ್ಚು ಹಿಡಿದಿದೆ ಎಂದು ಗೆಳತಿಯರಿಗೆ ಹೇಳಿಕೊಂಡು ನಗುತ್ತಿದ್ದಳಂತೆ.

ಅತ್ತೆಯ ತವರು ಕಂಪ್ಲಿ. ಆ ಕಡೆ ಹಳ್ಳಿಯೊಂದರಲ್ಲಿ ನಾಯಿ ಕಡಿತಕ್ಕೆ ನಾಟಿ ಔಷಧಿ ಕೊಡುವವರು ಇದ್ದಾರೆ, ಒಮ್ಮೆ ಹೋಗಿ ಬರೋಣ ಎಂದು ಅವರು ಅಂಜುತ್ತಲೇ ಕೇಳಿದರು. ಇಂಥ ಮಾತಿಗೆ ಅಂಗಡಿಗೆ ಬಂದ ಎಷ್ಟೋ ಜನರನ್ನು ನಾನು ಗದರಿಸಿ ಕಳಿಸಿದ್ದೆ. ಈಗ ಚಕಾರ ಎತ್ತದೆ ಹೊರಟೆ. ಅವರು ಕೊಟ್ಟ ಸೊಪ್ಪಿನ ರಸ ಕುಡಿಸಿದೆ, ಹೇಳಿದಷ್ಟು ದಿನ ಬೆಲ್ಲ ಬಿಡಿಸಿದೆ, ಬದನೆಕಾಯಿ ಬಿಡಿಸಿದೆ. ಹೊಸಪೇಟೆಯ ಇಂಜೆಕ್ಷನ್ ಒಂದು ಕಡೆ, ಕಂಪ್ಲಿಯ ಪಥ್ಯ ಒಂದು ಕಡೆ. ನನ್ನ ಓದು ನನ್ನ ಅಂಜಿಕೆಯ ಮುಂದೆ ಒಂದು ಗಳಿಗೆಯೂ ನಿಲ್ಲಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಕಂಪನಿಯವರ ಬೋರ್ಡು ಬಂತು. ಬೇಸಿಗೆಯುದ್ದಕ್ಕೂ ನಮ್ಮ ಫ್ರಿಜ್ಜಿನಲ್ಲಿ ಒಂದೇ ಒಂದು ತಪ್ಪು ಸಿಕ್ಕಿರಲಿಲ್ಲವಲ್ಲ. ಅಂಗಡಿಯ ಹೆಸರು ಬಿಳಿ ಅಕ್ಷರದಲ್ಲಿ, ಸುತ್ತಲೂ ಕೆಂಪು. ಏಣಿ ಹಾಕಿ ಕೂರಿಸಿ ಹೋದರು. ನನ್ನ ಗಂಡ ಅದರ ಗುಂಡಿ ಒತ್ತಿದ್ದನ್ನು ನಾನು ನೋಡಿದ್ದು ಒಂದೇ ಸಲ. ಆಮೇಲೆ ಅದು ಕತ್ತಲಲ್ಲಿಯೇ ಇತ್ತು. ಲೈಟು ಯಾಕೆ ಹಾಕುವುದಿಲ್ಲ ಎಂದು ಎದುರಿನ ಬಟ್ಟೆ ಅಂಗಡಿಯವರು ಕೇಳಿದರೆ ಕರೆಂಟು ಬಿಲ್ಲು ಎಂದು ಹಾರಿಕೆಯ ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಮಾತ್ರ ಏನೂ ಆಗುವುದಿಲ್ಲ, ನೀನೇ ಇಲ್ಲದ್ದನ್ನು ಹಚ್ಚಿಕೊಂಡಿದ್ದೀ ಅನ್ನುವುದನ್ನು ಬಿಡಲಿಲ್ಲ.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಬೆಳಿಗ್ಗೆ ಮಗಳು ಲೋಟವನ್ನು ತುಟಿಯವರೆಗೆ ತಂದು ಕೆಳಗಿಟ್ಟಳು. ಬ್ಯಾಡ ಅಂದಳು. ಒಂದೇ ಗುಟುಕು ಅಂದೆ. ಕುಡಿದಳು, ಮುಖ ಕಿವುಚಿದಳು, ಗಂಟಲು ಹಿಡಿದುಕೊಂಡು ಎಲ್ಲವನ್ನೂ ನೆಲಕ್ಕೆ ಉಗುಳಿದಳು. ಮೈ ಮುಟ್ಟಿದರೆ ಸುಡುತ್ತಿತ್ತು. ಹೆದರುವವರ ಮೇಲೆ ಹಾವು ಬಿಟ್ಟ ಹಾಗೆ ದೇವರು ಹುಡುಕಿ ಹುಡುಕಿ ನನಗೇ ಇದನ್ನು ತೋರಿಸಿದ್ದ. ಒಳಗಿನಿಂದ ಬಂದ ಗಂಡ ನೆಲದ ನೀರು ನೋಡಿದರು, ಮಗಳನ್ನು ನೋಡಿದರು. ಇಷ್ಟು ದಿನ ಏನೂ ಆಗುವುದಿಲ್ಲ ಎಂದವರು ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕೂತರು.

ಹೊಸಪೇಟೆ ಮುಟ್ಟುವವರೆಗೆ ನಾನು ಅವಳನ್ನು ಎದೆಗೆ ಒತ್ತಿ ಹಿಡಿದಿದ್ದೆ. ನನ್ನನ್ನು ಕಚ್ಚಿದರೂ ಕಚ್ಚಲಿ, ಇಬ್ಬರೂ ಒಟ್ಟಿಗೇ ಹೋಗೋಣ ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಅವಳ ಬಾಯಿಗೆ ಟಾರ್ಚು ಹಾಕಿ ನೋಡಿದರು. ಗಂಟಲು ಬಾತಿದೆ, ಎರಡೂ ಕಡೆ ಗಂಟು ಕೆಂಪಾಗಿವೆ, ನುಂಗಿದರೆ ನೋಯುತ್ತದೆ, ಅಷ್ಟೆ ಎಂದರು. ನಂಬಲಿಕ್ಕೆ ಆಗದೆ ನಾನು ಇನ್ನೊಮ್ಮೆ ನೋಡಿ ಎಂದೆ. ಅವರು ಇನ್ನೊಮ್ಮೆ ನೋಡಿದರು. ಆಮೇಲೆ ಉಗುರುಬೆಚ್ಚಗಿನ ನೀರು ತರಿಸಿ, ಚಮಚದಿಂದ ತಾವೇ ಕುಡಿಸಿದರು. ನೋಯುತ್ತದೆ ಎಂದು ಅಳುತ್ತಲೇ ಮಗಳು ಕುಡಿದಳು. ಹಿಂದೆ ಗೋಡೆಗೆ ಒರಗಿದ್ದ ಗಂಡ ಬಿಕ್ಕುವುದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ನಾನೂ ಅಲ್ಲಿಯೇ ಅಳುತ್ತಿದ್ದೆ.

ಸಂಕ್ರಾಂತಿಗೆ ಹಂಪಿಗೆ ಹೋದೆವು. ಹೊಳೆಯ ಸ್ನಾನ ಮಾಡಿ, ದಂಡೆಯ ಬಂಡೆಯ ಮೇಲೆ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿನ್ನುವುದು ನಮ್ಮ ಮನೆಯ ವಾಡಿಕೆ. ಅಷ್ಟು ನೀರಿನ ಮುಂದೆ ಅವಳು ಹೇಗಿರುತ್ತಾಳೋ ಎಂದು ದಾರಿಯುದ್ದಕ್ಕೂ ಅವಳ ಕೈ ಬಿಡದೆ ಕೂತಿದ್ದೆ. ಅವಳು ಫ್ರಾಕನ್ನು ಎತ್ತಿ ಕಟ್ಟಿಕೊಂಡು ಓಡಿ ಹೋಗಿ ಹೊಳೆಗೆ ಬಿದ್ದಳು. ಮುಳುಗಿದಳು, ಎದ್ದಳು, ಬೊಗಸೆಯಲ್ಲಿ ಮೊಗೆದು ಅಪ್ಪನ ಮುಖಕ್ಕೆ ಎರಚಿದಳು. ಅವರು ಕಣ್ಣು ಒರೆಸಿಕೊಳ್ಳದೆ ಹಾಗೆಯೇ ನಿಂತಿದ್ದರು. ಆ ಹೊತ್ತು ನನಗೆ ಅವರ ಮೇಲಿನ ಸಿಟ್ಟೆಲ್ಲ ಇಳಿದು ಹೋಯಿತು. ಇನ್ನೇನೂ ಆಗುವುದಿಲ್ಲ ಎಂದು ಮೊದಲ ಸಲ ನಾನೇ ನನಗೆ ಹೇಳಿಕೊಂಡೆ.

ಮಾರ್ಚ್ ಮತ್ತೆ ಬಂತು. ಸ್ಟಾಕಿಸ್ಟರ ಮನುಷ್ಯ ಸಂಜೆ ಅಂಗಡಿಗೆ ಬಂದಾಗ ನಾನೂ ಇದ್ದೆ. ಮಗಳಿಗೆ ಇನ್ನು ಹೆದರಬೇಕಿಲ್ಲ ಎಂದು ಡಾಕ್ಟರು ಅದೇ ವಾರ ಹೇಳಿದ್ದರು, ನಾನು ಸುಮಾರು ಒಂದು ವರ್ಷದ ಮೇಲೆ ಹೊಟ್ಟೆತುಂಬ ಉಂಡಿದ್ದೆ. ಈ ಸಲ ಸ್ಕೀಮ್ ಇನ್ನೂ ಚೆನ್ನಾಗಿದೆ ಅಂದ ಅವನು. ಹತ್ತಕ್ಕೆ ಮೂರು ಫ್ರೀ, ಜೊತೆಗೆ ಹೋದ ವರ್ಷದ ಮಾಲು ಉಳಿದಿದ್ದರೆ ಅಷ್ಟಕ್ಕೂ ಹೊಸದು ಬದಲಿ. ಗಂಡ ಕೈ ಮುಗಿದು ಬೇಡ ಅಂದರು. ತಗೊಳ್ಳದಿದ್ದರೆ ಬಿಡಿ, ಹಳೆಯದನ್ನಾದರೂ ಕೊಡಿ, ನಾನು ಹೇಗಾದರೂ ಮಾಡಿ ಬದಲಿ ಕೊಡಿಸುತ್ತೇನೆ ಅಂದ ಅವನು. ಆ ಡಬ್ಬಿ ಅಂಗಡಿಯಿಂದ ಹೊರಗೆ ಹೋಗುವುದೇ ಮೇಲೆಂದು ನಾನು ಸ್ಟೂಲು ಹತ್ತಿ ಅಟ್ಟದಿಂದ ಅದನ್ನು ಇಳಿಸಿದೆ. ಬಿಗಿದಿದ್ದ ಪ್ಲಾಸ್ಟರ್ ಹಾಗೆಯೇ ಇತ್ತು. ಕತ್ತರಿಯಿಂದ ಕೊಯ್ದು ಮುಚ್ಚಳ ತೆಗೆದೆ.

ಹನ್ನೆರಡರಲ್ಲಿ ಎರಡು ಮಗಳಿಗೆ ಹೋಗಿದ್ದವು. ಹತ್ತು ಇರಬೇಕಿತ್ತು. ಇದ್ದದ್ದು ಐದು.

“ಉಳಿದಿದ್ದು ಎಲ್ರೀ?” ಎಂದೆ.

ಗಂಡ ಡಬ್ಬಿಯೊಳಗೆ ನೋಡಿದರು. ಮರೆತಿದ್ದು ಅವರಿಗೆ ಒಮ್ಮೆಗೇ ನೆನಪಾದದ್ದು ಮುಖದ ಮೇಲೆ ಕಾಣಿಸಿತು. ಅವರಿಗೂ ಆ ವರ್ಷವೆಲ್ಲ ಮಗಳನ್ನು ಬಿಟ್ಟು ಬೇರೆ ಯಾರೂ ನೆನಪಿಗೆ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

“ಒಬ್ಬ ಲಾರಿ ಡ್ರೈವರ್ ಒಯ್ದ,” ಎಂದರು. “ಪಾಪುಗ ಕಡಿಯೋದ್ಕಿಂತ ಸ್ವಲ್ಪ ಮೊದ್ಲು. ಕೈಗೆ ಬಟ್ಟಿ ಸುತ್ತಿಕೊಂಡಿದ್ದ. ಬಂದರಿಗೆ ಲೋಡ್ ಹೊಂಟೀನಿ, ಹಾದ್ಯಾಗ ಎಲ್ಲೆಲ್ಲಿ ಡಾಕ್ಟ್ರು ಸಿಗ್ತಾರ ಅಲ್ಲಲ್ಲಿ ಹಾಕಿಸ್ಕೊಂತೀನಿ, ಐದೂ ಕೊಡ್ರಿ ಅಂದ. ಮಾಲು ಹೋತಲ್ಲ ಅಂತ ಕೊಟ್ಟೆ.”

“ಯಾವೂರಾಂವ?”

“ಕೇಳಲಿಲ್ಲ.”

ಸ್ಟಾಕಿಸ್ಟರ ಮನುಷ್ಯನಿಗೆ ಏನೂ ಅರ್ಥವಾಗಲಿಲ್ಲ, ಐದು ಮಾರಾಟವಾಗಿವೆಯಲ್ಲ, ಲಾಭವೇ ಆಯಿತಲ್ಲ ಅಂದ. ನಾನು ಅವನ ಕಡೆ ನೋಡಲಿಲ್ಲ. ಆ ಡ್ರೈವರು ಏನೂ ಕೇಳಲಿಲ್ಲವೇ, ಇದು ಎಲ್ಲಿತ್ತು, ಹೇಗಿತ್ತು ಎಂದು ಏನೂ ಕೇಳಲಿಲ್ಲವೇ ಎಂದು ಗಂಡನನ್ನು ಕೇಳಿದೆ. ಅವರು ಡಬ್ಬಿಯ ಮುಚ್ಚಳ ಮುಚ್ಚಿದರು.

“ತಂಪಿನಾಗ ಇಟ್ಟೀರಿ ಹೌದಿಲ್ರಿ, ಅಂತ ಕೇಳಿದ. ಫ್ರಿಜ್ಜಿನ್ಯಾಗಿಂದ ಒಂದ್ ಬಾಟ್ಲಿ ತಗದು ಅವನ ಕೈಯಾಗ ಇಟ್ಟೆ. ಮುಟ್ಟಿ ನೋಡಿದ. ಭಾಳ ತಂಪೈತಿ ಅಂದು, ಅದನ್ನ ಕುಡದು ಹೋದ.”

ಮಗಳ ಭಯಕ್ಕೆ ಡಾಕ್ಟರು ಒಂದು ಅವಧಿ ಹೇಳಿದ್ದರು, ಅದು ಮುಗಿದಿತ್ತು. ಆ ಡ್ರೈವರು ಏನಾದನೋ ಎಂಬ ಈ ಭಯ ಆ ಸಂಜೆ ಶುರುವಾಯಿತು. ಇದಕ್ಕೆ ಅವಧಿ ಹೇಳುವವರು ಯಾರೂ ಇಲ್ಲ.